‘ಓ’ ಎಂದರೆ ಕೊಡಬೇಕೋ, ಬರಬೇಕೋ?



ಹೋದ ತಿಂಗಳು ನಮ್ಮ ಮೊಮ್ಮಗಳ ಇಂಗ್ಲೀಷ್ ವಹಿಯಲ್ಲಿ ಟೀಚರು ಒಂದು ಶಬ್ದಕ್ಕೆ ಕೆಂಪು ಗೆರೆ ಎಳೆದಿದ್ದರು. ‘ನಾನು ಅವನಿಗೆ ಹತ್ತು ರೂಪಾಯಿ ಕೊಡಬೇಕು’ ಎನ್ನಲು ಆಕೆ ‘ಐ ಓನ್ ಹಿಮ್ ಟೆನ್ ರುಪೀಸ್’ ಎಂದು ಬರೆದಿದ್ದಳು. ಬೇಕಾದದ್ದು ‘ಓ’, ಹಾಕಿದ್ದು ‘ಓನ್’. ಮೊದಲನೆಯದು ಸಾಲ, ಎರಡನೆಯದು ಸ್ವಂತದ್ದು. ವ್ಯಾಪಾರಸ್ಥರ ಮನೆಯ ಹುಡುಗಿ ಇವೆರಡನ್ನೂ ಅದಲುಬದಲು ಮಾಡುವುದೇ ಎಂದು ನಾನೂ ಬೈಯುವವನಿದ್ದೆ. ದೊಡ್ಡ ಡಿಕ್ಷನರಿ ತೆಗೆದು ನೋಡಿದ ಮೇಲೆ ಸುಮ್ಮನಾದೆ.

ಓ, ಡಬ್ಲ್ಯೂ, ಇ ಎಂದು ಮೂರು ಅಕ್ಷರ ಬರೆದು ಬರೀ ‘ಓ’ ಎಂದು ಓದುವ ಈ ಕ್ರಿಯಾಪದವು ಸಾವಿರ ವರ್ಷದ ಹಿಂದಿನ ಇಂಗ್ಲೀಷಿನಲ್ಲಿ ‘ಆಗನ್’ ಎಂದಿತ್ತು. ಆಗ ಅದಕ್ಕೆ ಸಾಲದ ಅರ್ಥವಿರಲಿಲ್ಲ. ಹೊಂದಿರು, ಒಡೆಯನಾಗಿರು ಎಂಬುದೇ ಅದರ ಅರ್ಥ. ‘ಓನ್’ ಕೂಡ ಅದೇ ಬೇರಿನಿಂದ ಬಂದದ್ದು. ಸಂಸ್ಕೃತದ ‘ಈಶ’ ಎಂಬುದೂ ಇವುಗಳ ದೂರದ ನೆಂಟನೆಂದು ಭಾಷಾಪಂಡಿತರು ಹೇಳುತ್ತಾರೆ. ಶೇಕ್ಸ್‌ಪಿಯರನ (1564–1616) ನಾಟಕಗಳಲ್ಲಿ ಸ್ವಂತದ್ದು ಎಂಬ ಅರ್ಥದಲ್ಲಿಯೇ ‘ಓ’ ಬಳಸಿದ ಜಾಗಗಳಿವೆ. ನಾನೂರು ವರ್ಷ ಮೊದಲು ಹುಟ್ಟಿದ್ದರೆ ನಮ್ಮ ಹುಡುಗಿಗೆ ಕೆಂಪು ಗೆರೆ ಬೀಳುತ್ತಿರಲಿಲ್ಲವೇನೋ.

ಒಡೆತನದ ಶಬ್ದ ಸಾಲದ ಶಬ್ದವಾದದ್ದು ಹೇಗೆ? ‘ಕೊಡಲಿಕ್ಕೆ ಹೊಂದಿದ್ದೇನೆ’ ಎಂಬ ಮಾತಿನ ರೂಢಿಯಿಂದ. ನಮಗೆ ಇದು ವಿಚಿತ್ರವಲ್ಲ. ಅಂಗಡಿಯಲ್ಲಿ ನಾವು ‘ಅವರಿಗೆ ನೂರು ರೂಪಾಯಿ ಕೊಡೂದೈತಿ’ ಎಂದೇ ಅನ್ನುತ್ತೇವೆ. ‘ಕೊಡೂದು’ ಎಂಬುದರ ಜೊತೆಗೆ ‘ಐತಿ’ ಸೇರಿದರೆ ಸಾಲವಾಯಿತು. ಇನ್ನೊಂದು ಮೋಜು ಕೇಳಿರಿ. ಓ, ಯು, ಜಿ, ಎಚ್, ಟಿ ಎಂದು ಬರೆದು ‘ಆಟ್’ ಎಂದು ಓದುವ ಶಬ್ದವಿದೆಯಲ್ಲ, ಮಾಡತಕ್ಕದ್ದು, ಮಾಡಬೇಕು ಎಂದು ಹೇಳುವಾಗ ಬಳಸುವುದು, ಅದು ಮೂಲದಲ್ಲಿ ಈ ‘ಓ’ ಎಂಬುದರ ಭೂತಕಾಲ. ಸಾಲವೂ ಕರ್ತವ್ಯವೂ ಒಂದೇ ಶಬ್ದದ ಎರಡು ಟೊಂಗೆ. ಕನ್ನಡದ ‘ಕೊಡಬೇಕು’ ಎಂಬ ಒಂದೇ ಮಾತು ಈ ಎರಡೂ ಕೆಲಸ ಮಾಡುತ್ತದೆ.

ಈ ಶಬ್ದದ ಮೇಲೆ ನಾನು ಇಷ್ಟು ಹೊತ್ತು ಕೂಡ್ರಲು ಕಾರಣ ಬೇರೆ ಇದೆ. 1977ರಲ್ಲಿ ಮ್ಯಾಟ್ರಿಕ್ ಪಾಸಾಗಿ ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಕುಳಿತೆ. ಅಪ್ಪನವರಿಗೆ ಇಂಗ್ಲೀಷ್ ಬಾರದು. ಮುಂಬಯಿಯ ಒಂದು ಸಗಟು ಪೇಢಿಗೆ ಬಣ್ಣ ಬಿಟ್ಟ ಪತ್ತಲಗಳ ಒಂದು ಗಂಟು ವಾಪಸು ಕಳಿಸಿದ್ದೆವು. ಕೆಲವು ದಿವಸಕ್ಕೆ ಕಾಗದ ಬಂತು. ಅದರಲ್ಲಿ ‘ದಿ ಅಮೌಂಟ್ ಓಯಿಂಗ್ ಟು ಯು’ ಎಂದು ಬರೆದು ಮುಂದೆ 412 ರೂಪಾಯಿ ಎಂದಿತ್ತು. ‘ಓಯಿಂಗ್ ಟು’ ಎಂದರೆ ‘ಕಾರಣದಿಂದ’ ಎಂದು ಸಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಮಳೆಯ ಕಾರಣದಿಂದ ಆಟ ನಿಂತಿತು, ಅಂಥ ವಾಕ್ಯಗಳು. ಆದ್ದರಿಂದ ‘ನಿಮ್ಮ ಕಾರಣದಿಂದ ಉಳಿದ ಬಾಕಿ’ ಎಂದು ಓದಿ ಹೇಳಿದೆ.

“ತಮ್ಮಾ, ಮಾಲು ವಾಪಸು ಹೋಗೇತಿ. ನಮ್ಮ ವಹಿಯೊಳಗ ಅವರಿಂದ ಬರೂದು ಐತಿ,” ಎಂದರು ಅಪ್ಪ.

“ಕಾಗದದಾಗ ಹಂಗ ಬರದಾರಪಾ. ವಾಪಸು ಮಾಲು ಒಪ್ಪಿಕೊಂಡಿಲ್ಲ ಕಾಣಸ್ತದ,” ಎಂದೆ.

ಒಂದು ರಾತ್ರಿ ಅವರು ವಹಿ ತಿರುವಿ ತಿರುವಿ ನೋಡಿದರು. ಬೆಳಿಗ್ಗೆ, “ನೀ ಓದಿದಾಂವ. ಹಂಗ ಇದ್ರ ಕಳಿಸಿಬಿಡು,” ಎಂದರು. ನಾನು ಬ್ಯಾಂಕಿನಲ್ಲಿ ಡ್ರಾಫ್ಟ್ ತೆಗೆಸಿ ಕಳಿಸಿದೆ. ಆಗಿನ ಕಾಲಕ್ಕೆ ಅದು ನಮಗೆ ಸಣ್ಣ ರಕಮಲ್ಲ. ಮೂವತ್ತು ವರ್ಷ ತಪ್ಪದೆ ವಹಿ ಬರೆದ ಮನುಷ್ಯ ತನ್ನ ಕೈಬರಹ ಬಿಟ್ಟು ಮಗನ ಇಂಗ್ಲೀಷನ್ನು ನಂಬಿದರು.

ಹದಿನೈದು ದಿನಕ್ಕೆ ಪೇಢಿಯವರು ಹಿಂದಿಯಲ್ಲಿ ಬರೆದರು. ನಿಮಗೆ ಕೊಡಬೇಕಾದದ್ದು ನಮ್ಮಲ್ಲಿ 412 ಇತ್ತು, ನೀವು ಮತ್ತೆ 412 ಕಳಿಸಿದ್ದೀರಿ, ಈಗ 824 ನಿಮ್ಮ ಹೆಸರಿಗೆ ಜಮಾ ಇದೆ, ಏನು ಮಾಡಲಿ ಎಂದು. ಪ್ರಾಮಾಣಿಕರು. ಅಪ್ಪನಿಗೆ ಹಿಂದಿ ತಿಳಿಯುತ್ತಿತ್ತು. ಬೈಯಲಿಲ್ಲ. ವಹಿಯಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿ ಇಲ್ಲವಲ್ಲ, ಕೆಳಗೆ ಹೊಸ ಸಾಲು ಬರೆದರು. ಮುಂದೆಯೂ ಇಂಗ್ಲೀಷ್ ಕಾಗದ ಬಂದರೆ ನನ್ನ ಕೈಗೇ ಕೊಡುತ್ತಿದ್ದರು. ಬೇರೆ ಯಾರಿಗೂ ತೋರಿಸಲಿಲ್ಲ.

ನಾನು ಎಡವಿದ ಜಾಗ ಇದು. ಕನ್ನಡದಲ್ಲಿ ಕೊಡುವವನ ಕಡೆಯಿಂದ ‘ಕೊಡಬೇಕು’, ತೆಗೆದುಕೊಳ್ಳುವವನ ಕಡೆಯಿಂದ ‘ಬರಬೇಕು’ ಎಂದು ಎರಡು ಮಾತುಗಳಿವೆ. ಇಂಗ್ಲೀಷಿನ ‘ಓ’ ಕೊಡುವವನ ಕಡೆಯಿಂದ ಮಾತ್ರ ನಡೆಯುತ್ತದೆ. ‘ಐ ಓ ಹಿಮ್’ ಎಂದರೆ ನಾನು ಕೊಡಬೇಕು, ‘ಹಿ ಓಸ್ ಮಿ’ ಎಂದರೆ ನನಗೆ ಬರಬೇಕು. ಹಣದ ಶಬ್ದದ ಹಿಂದೆ ‘ಓಯಿಂಗ್ ಟು’ ಬಂದರೆ, ‘ಟು’ ಆದ ಮೇಲೆ ಯಾರ ಹೆಸರಿದೆಯೋ ಅವರಿಗೆ ಹಣ ಬರಬೇಕು. ‘ಐ ಆಮ್ ಓಯಿಂಗ್ ಹಿಮ್’ ಎಂದು ನಮ್ಮವರು ಅನೇಕರು ಬರೆಯುತ್ತಾರೆ. ‘ಐ ಓ ಹಿಮ್’ ಎಂದರೆ ಸಾಕು.

ಹಣವಲ್ಲದ ಬಾಕಿಗೂ ಈ ಶಬ್ದ ನಡೆಯುತ್ತದೆ. ‘ಐ ಓ ಯು ಆನ್ ಅಪಾಲಜಿ’ ಎಂದರೆ ನಿಮ್ಮಲ್ಲಿ ನಾನು ಕ್ಷಮೆ ಕೇಳುವುದು ಬಾಕಿ ಇದೆ ಎಂದು. ಅಪ್ಪನವರ ಮುಂದೆ ಈ ಮಾತನ್ನು ನಾನು ಇಂಗ್ಲೀಷಿನಲ್ಲೂ ಆಡಲಿಲ್ಲ, ಕನ್ನಡದಲ್ಲೂ ಆಡಲಿಲ್ಲ. ಅವರು 1991ರಲ್ಲಿ ತೀರಿಕೊಂಡರು. ಆ ಕಾಗದ ಹಳೆಯ ವಹಿಯೊಳಗೆ ಇನ್ನೂ ಇದೆ.

ಇಷ್ಟೆಲ್ಲ ಮೊಮ್ಮಗಳಿಗೆ ಹೇಳಿದೆ. ‘ಐ ಓ ಯು’ ಎಂಬುದು ಬಾಯಲ್ಲಿ ಐ, ಓ, ಯು ಎಂಬ ಮೂರು ಅಕ್ಷರದಂತೆಯೇ ಕೇಳುವುದರಿಂದ ಸಾಲದ ಚೀಟಿಯ ಮೇಲೆ ಆ ಅಕ್ಷರಗಳನ್ನೇ ಬರೆಯುತ್ತಾರೆಂದೂ ಹೇಳಿದೆ. ಮರುದಿವಸ ಗಲ್ಲಾದಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಇತ್ತು. ಅದರ ಜಾಗದಲ್ಲಿ ಒಂದು ಚೀಟಿ ಇತ್ತು, ಮೂರೂ ಅಕ್ಷರ ಸರಿಯಾಗಿ ಬರೆದಿದ್ದಳು. ತಾರೀಖು ಮಾತ್ರ ಹಾಕಿರಲಿಲ್ಲ. ಕರೆದು ಹಾಕಿಸಿಕೊಂಡೆ.