ಮೇಲ್ ಕಂಪನಿಯದು, ಉತ್ತರ ಹೇಳುವವರು ನಾವು

ಪುಣೆಯ ಕಚೇರಿಗಳಲ್ಲಿ ಹದಿನಾರು ವರ್ಷದಿಂದ ಇಂಟರ್ನಲ್ ಆಡಿಟ್ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ಕಪಾಟಿನ ಫೈಲುಗಳು ಒಂದೊಂದಾಗಿ ಕಾಣೆಯಾಗಿ ಅವುಗಳ ಜಾಗದಲ್ಲಿ ಇಮೇಲ್ ಬಂದು ಕೂತಿತು. ಫೈಲಿಗಿದ್ದ ಶಿಸ್ತು ಮಾತ್ರ ಜೊತೆಗೆ ಬರಲಿಲ್ಲ. ಫೈಲಿಗೆ ನಂಬರ್ ಇತ್ತು, ರಿಜಿಸ್ಟರಿನಲ್ಲಿ ಸಹಿ ಇತ್ತು, ಅದು ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತೆಂದು ಜವಾನನಿಗೂ ಗೊತ್ತಿತ್ತು. ಇಂದು ದೊಡ್ಡ ಖರೀದಿಯ ಒಪ್ಪಿಗೆಯೂ ಯಾರೋ ಮ್ಯಾನೇಜರ್ ಇನ್‌ಬಾಕ್ಸ್‌ನಲ್ಲಿ ‘ಓಕೆ, ಗೋ ಅಹೆಡ್’ ಎಂಬ ಒಂದು ಸಾಲಾಗಿ ಬಿದ್ದಿರುತ್ತದೆ. ಆ ಮ್ಯಾನೇಜರ್ ಕೆಲಸ ಬಿಟ್ಟ ದಿನದಿಂದ ಆ ಸಾಲಿನ ಆಯುಷ್ಯದ ಎಣಿಕೆ ಶುರು.

ಇದು ದಿನಗಳ ಲೆಕ್ಕದ ಎಣಿಕೆಯೇ. ಬಳಕೆದಾರರ ಖಾತೆ ತೆಗೆದುಹಾಕಿದ ಮೇಲೆ ಮೈಕ್ರೋಸಾಫ್ಟ್ 365ರಲ್ಲಿ ಸಾಮಾನ್ಯವಾಗಿ 30 ದಿನ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನದೊಳಗೆ ಅದನ್ನು ವಾಪಸ್ ತರಬಹುದು. ಮೇಲ್ ಉಳಿಸುವ ಬೇರೆ ವ್ಯವಸ್ಥೆ ಮಾಡಿರದಿದ್ದರೆ ಆಮೇಲೆ ಸಿಗುವುದಿಲ್ಲ. ಆದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನೂ ಅವಕ್ಕೆ ಸಂಬಂಧಿಸಿದ ವೋಚರ್‌ಗಳನ್ನೂ ಕನಿಷ್ಠ 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಎಂಟು ವರ್ಷ ನಿಲ್ಲಬೇಕಾದ ಲೆಕ್ಕದ ಬುಡವೇ ಒಂದು ತಿಂಗಳಲ್ಲಿ ಹೋಗುತ್ತದೆ. ಉಳಿಯುವುದು ಒಂದು ಲೈಸೆನ್ಸಿನ ದುಡ್ಡು.

ನಾನು ಕಣ್ಣಾರೆ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಬಿಡಿಭಾಗ ಪೂರೈಸುವವರೊಬ್ಬರು, ಬೆಲೆ ಏರಿಕೆಗೆ ಒಪ್ಪಿಗೆ ಸಿಕ್ಕಿತ್ತು ಎಂದು ಮೇಲ್‌ನ ಪ್ರಿಂಟ್ ಹಿಡಿದು ಬಂದರು. ಒಪ್ಪಿಗೆ ಕೊಟ್ಟಿದ್ದ ಖರೀದಿ ಅಧಿಕಾರಿ ಕೆಲಸ ಬಿಟ್ಟು ಐದು ತಿಂಗಳಾಗಿತ್ತು, ಅವರ ಮೇಲ್‌ಬಾಕ್ಸ್ ಇರಲಿಲ್ಲ. ಪ್ರಿಂಟ್ ನಿಜವೋ ತಿದ್ದಿದ್ದೋ ಎಂದು ಹೇಳಲು ಕಂಪನಿಯ ಬಳಿ ಏನೂ ಇರಲಿಲ್ಲ. ವಿವರಣೆ ಕೇಳಿ ನೋಟಿಸ್ ಹೋದದ್ದು ಸಿಸಿಯಲ್ಲಿದ್ದ ಹುಡುಗನಿಗೆ. ಧಾರವಾಡದ ಕಡೆಯವನು, ಅಕೌಂಟ್ಸ್‌ಗೆ ಸೇರಿ ವರ್ಷ ತುಂಬಿರಲಿಲ್ಲ. ಪುಣ್ಯಕ್ಕೆ ಆ ಮೇಲ್ ಅವನ ಇನ್‌ಬಾಕ್ಸ್‌ನಲ್ಲಿ ಹಾಗೇ ಇತ್ತು. ಕಂಪನಿಯದೇ ಸರ್ವರ್‌ನಲ್ಲಿದ್ದ ಆ ಪ್ರತಿ ಪ್ರಿಂಟ್‌ನೊಂದಿಗೆ ಅಕ್ಷರಶಃ ತಾಳೆಯಾಯಿತು, ಬಾಕಿ ಪಾವತಿಯಾಯಿತು. ‘ಮೇಲ್‌ಬಾಕ್ಸ್ ತುಂಬಿದೆ, ಹಳೆಯದನ್ನು ಅಳಿಸಿ’ ಎಂದು ಐಟಿ ವಿಭಾಗ ಕಳಿಸುತ್ತಿದ್ದ ಸಂದೇಶವನ್ನು ಅವನು ಚಾಚೂತಪ್ಪದೆ ಪಾಲಿಸಿದ್ದರೆ ಅವನ ಗತಿ ಏನಾಗುತ್ತಿತ್ತೋ!

ಪ್ರಿಂಟನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ನಂಬಲಾಗದ್ದಕ್ಕೆ ಕಾರಣವಿದೆ. ಮೇಲ್‌ನ ಬೆನ್ನಿಗೆ ಹೆಡರ್ ಎಂಬ ಜಾತಕವಿರುತ್ತದೆ. ಯಾವ ಸರ್ವರ್‌ನಿಂದ ಎಷ್ಟು ಹೊತ್ತಿಗೆ ಹೊರಟಿತು, ಎಲ್ಲೆಲ್ಲಿ ಹಾದು ಬಂತು ಎಂಬುದು ಅದರಲ್ಲಿರುತ್ತದೆ. ಕಳಿಸಿದ ಸಂಸ್ಥೆಯ ಡಿಜಿಟಲ್ ಸಹಿಯೂ ಇದ್ದರೆ ಮಧ್ಯೆ ಯಾರಾದರೂ ತಿದ್ದಿದ್ದು ಪತ್ತೆಯಾಗುತ್ತದೆ. ಫಾರ್ವರ್ಡ್ ಮಾಡಿದ ಪ್ರತಿಯಲ್ಲಿ ಮೂಲ ಜಾತಕ ಬರುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಕಚೇರಿಗಳಿಗಿಂತ ಮುಂದಿದೆ. ಸಹಿ ಹಾಕಿದ ಒಪ್ಪಂದಪತ್ರ ಇಲ್ಲದಿದ್ದರೂ ಮೇಲ್ ವಿನಿಮಯದಿಂದಲೇ ಕರಾರು ಏರ್ಪಟ್ಟಿದೆ ಎಂದು ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಆ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು, ತಜ್ಞರ ಸಹಿಯೂ ಬೇಕು. ಅಳಿಸಿಹೋದ ಮೇಲ್‌ಬಾಕ್ಸ್‌ಗೆ ಯಾವ ತಜ್ಞ ಸಹಿ ಹಾಕಿಯಾನು?

ಪರಊರಿನಲ್ಲಿರುವ ನಮ್ಮವರಿಗೆ ಇದರಲ್ಲಿ ಇನ್ನೊಂದು ಸಂಕಟವಿದೆ. ಇಲ್ಲಿ ಸಭೆ ಹಿಂದಿಯಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಚೆನ್ನೈ, ಹೈದರಾಬಾದ್‌ನಲ್ಲಿರುವವರಿಗೆ ತಮಿಳು, ತೆಲುಗಿನ ಅನುಭವ ಇದ್ದೇ ಇರುತ್ತದೆ. ‘ಕರ್ ದೋ, ಮೈ ದೇಖ್ ಲೂಂಗಾ’ ಎಂದ ಸಾಹೇಬರು ಆಡಿಟ್ ಬಂದಾಗ ‘ನಾನು ಹಾಗೆ ಹೇಳಿಯೇ ಇಲ್ಲ, ನಿನಗೆ ಭಾಷೆ ಅರ್ಥವಾಗಿಲ್ಲ’ ಎನ್ನಬಹುದು. ಆದ್ದರಿಂದ ಹೊಸಬರಿಗೆ ನಾನು ಹೇಳುವುದಿಷ್ಟೇ: ಫೋನಿನಲ್ಲಿ ಆದ ತೀರ್ಮಾನವನ್ನು ಅಂದೇ ಸಂಜೆ ಎರಡು ಸಾಲಿನ ಮೇಲ್ ಮಾಡಿ. ‘ಇಂದು ಬೆಳಿಗ್ಗೆ ತಾವು ತಿಳಿಸಿದಂತೆ’ ಎಂದು ಶುರು ಮಾಡಿ, ಸಬ್ಜೆಕ್ಟ್‌ನಲ್ಲಿ ಆರ್ಡರ್ ನಂಬರ್ ಹಾಕಿ. ಇದನ್ನು ಅಪನಂಬಿಕೆ ಎಂದುಕೊಳ್ಳುವ ಸಾಹೇಬರೂ ಇದ್ದಾರೆ. ಎಂದುಕೊಳ್ಳಲಿ ಬಿಡಿ.

ಹಾಗಂತ ಕಚೇರಿಯ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಟ್ಟುಕೊಳ್ಳಬೇಡಿ. ಅದು ಬಹುತೇಕ ಕಡೆ ನಿಯಮೋಲ್ಲಂಘನೆ, ನೀವೇ ಆರೋಪಿಯಾಗುತ್ತೀರಿ. ದಾಖಲೆ ಕಾಯುವ ಹೊಣೆ ಕಂಪನಿಯದು. ಒಳಬಂದ, ಹೊರಹೋದ ಪ್ರತಿ ಮೇಲ್‌ನ ಒಂದು ಪ್ರತಿ ಆ ಕ್ಷಣವೇ ಯಾರೂ ಅಳಿಸಲಾಗದ ಆರ್ಕೈವ್‌ಗೆ ಹೋಗುವ ವ್ಯವಸ್ಥೆ ಇರಬೇಕು. ಬ್ಯಾಕಪ್ ಇದೆಯಲ್ಲ ಎನ್ನುವವರಿದ್ದಾರೆ. ಬ್ಯಾಕಪ್ ಇರುವುದು ಸರ್ವರ್ ಕೆಟ್ಟರೆ ಎತ್ತಿ ನಿಲ್ಲಿಸಲು. ಎರಡು ಬ್ಯಾಕಪ್‌ಗಳ ನಡುವೆ ಬಂದು ಅಳಿಸಿಹೋದ ಮೇಲ್ ಅದರಲ್ಲಿ ಇರುವುದೇ ಇಲ್ಲ.

ಕೆಲಸ ಬಿಡುವವರಿಂದ ಲ್ಯಾಪ್‌ಟಾಪ್, ಐಡಿ ಕಾರ್ಡ್, ಕೊನೆಗೆ ಚಾರ್ಜರ್‌ವರೆಗೂ ಎಣಿಸಿ ತೆಗೆದುಕೊಳ್ಳುವ ಪಟ್ಟಿಯೊಂದು ಎಲ್ಲ ಎಚ್‌ಆರ್ ವಿಭಾಗಗಳಲ್ಲೂ ಇದೆ. ‘ಮೇಲ್‌ಬಾಕ್ಸ್ ಆರ್ಕೈವ್ ಆಗಿದೆ’ ಎಂಬ ಸಾಲನ್ನೂ ವಿಭಾಗದ ಮುಖ್ಯಸ್ಥರ ಸಹಿಗೆ ಜಾಗವನ್ನೂ ಅದಕ್ಕೆ ಸೇರಿಸಿ ಎಂದು ನನ್ನ ಈ ಸಲದ ಆಡಿಟ್ ವರದಿಯಲ್ಲಿ ಬರೆದಿದ್ದೇನೆ. ಅದನ್ನೂ ಮೇಲ್‌ನಲ್ಲೇ ಕಳಿಸಿದ್ದೇನೆ.