ಕಂಪನಿ ಕೆಲಸವೋ, ಅಂಗಡಿ ಕೆಲಸವೋ? ಘಟ್ಟದ ಮೇಲಿನ ನಮ್ಮ ಯುವಜನರ ಪ್ರಶ್ನೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಕಾರವಾರ ಧರ್ಮಪ್ರಾಂತ್ಯದ ಘಟ್ಟದ ಮೇಲಿನ ಈ ನಾಲ್ಕು ತಾಲೂಕುಗಳಲ್ಲಿ ಪಿಯುಸಿ ಅಥವಾ ಐಟಿಐ ಮುಗಿಸಿದ ಮಕ್ಕಳಿರುವ ಮನೆಗೆ ಹೋದರೆ ಒಂದೇ ಚರ್ಚೆ: ಮಗನನ್ನು ಕಂಪನಿಗೆ ಸೇರಿಸುವುದೋ, ಅಂಗಡಿಗೆ ಕಳಿಸುವುದೋ? ಮಗಳಿದ್ದರೆ ಪ್ರಶ್ನೆ ಇನ್ನೂ ಬಿಗಿ. 2020-21ರ ಕೋವಿಡ್ ಕಾಲದಲ್ಲಿ ಮುಚ್ಚಿದ್ದ ರೆಸಾರ್ಟು, ಹೋಟೆಲು, ಬಟ್ಟೆ ಅಂಗಡಿಗಳು ಮತ್ತೆ ತೆರೆದು ಕೆಲಸಕ್ಕೆ ಜನರನ್ನು ಕರೆಯುತ್ತಿವೆ. ಆದರೆ ಹಿರಿಯರ ಬಾಯಲ್ಲಿ 'ನೌಕರಿ' ಎಂದರೆ ಇಂದಿಗೂ ಕಾರ್ಖಾನೆಯ ನೌಕರಿಯೇ.

ಕರಾವಳಿಯ ಓದುಗರಿಗೆ ಇದರ ಹಿನ್ನೆಲೆ ಹೇಳಬೇಕು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. (ಪೋಪ್ ಹನ್ನೆರಡನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದ ವರ್ಷವೂ ಅದೇ.) ದಾಂಡೇಲಿಯಲ್ಲಿ ಕಾಗದ ತಯಾರಿಕೆ 1959ರಲ್ಲಿ ಶುರುವಾಯಿತು. ಕಾಳಿ ನದಿಯ ನೀರು, ಸುತ್ತಲ ಕಾಡಿನ ಬಿದಿರು, ನಾನಾ ಕಡೆಯಿಂದ ಬಂದ ಕೆಲಸಗಾರರು ಸೇರಿ ಒಂದು ಊರೇ ಕಟ್ಟಿಕೊಂಡಿತು. ಬಂಗೂರನಗರದ ಕಾಲೇಜು, ಇಎಸ್‌ಐ ಆಸ್ಪತ್ರೆ ಎಲ್ಲ ಆ ಕಾರ್ಖಾನೆ ಬದುಕಿನ ಜೊತೆಗೇ ಬೆಳೆದವು. ಪ್ಲೈವುಡ್ ಕಾರ್ಖಾನೆ ಇತ್ತು, ಫೆರೋ ಮ್ಯಾಂಗನೀಸ್ ಕಾರ್ಖಾನೆ ಇತ್ತು. ಅವೆರಡೂ ಬಾಗಿಲು ಹಾಕಿದವು. ಕಾಗದದ ಕಾರ್ಖಾನೆ ಮಾತ್ರ ಉಳಿದಿದೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಆದರೆ ಅಲ್ಲಿ ಹೆಚ್ಚಿನ ಕೆಲಸ ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ.

ಜೋಯಿಡಾದಲ್ಲಿ ಕಾರ್ಖಾನೆಯ ಮಾತೇ ಇಲ್ಲ. ಬಹುಪಾಲು ಕಾಡು, ಅದರಲ್ಲಿ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗಣೇಶಗುಡಿಯ ಕಡೆ ರಾಫ್ಟಿಂಗ್, ಹೋಂ ಸ್ಟೇ, ರೆಸಾರ್ಟುಗಳಿವೆ, ಇಲ್ಲದಿದ್ದರೆ ಗೋವಾ. ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರಿನ ಮೇಲೆ. ನೀರು ಬಿಡದ ದಿನ ಕೆಲಸವೂ ಇಲ್ಲ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಮುಂಡಗೋಡದ ಕಥೆ ಬೇರೆ. 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಕಾಲನಿ ಮತ್ತು ಅಲ್ಲಿಯ ದೊಡ್ಡ ಮಠಗಳಿಂದಾಗಿ ಆ ಪೇಟೆಗೆ ವ್ಯಾಪಾರವಿದೆ. ಆದರೆ ಟಿಬೆಟನ್ ಕುಟುಂಬಗಳೂ ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗುವುದನ್ನು ಕಂಡವರಿಗೆ, ಪೇಟೆಯ ದುಡಿಮೆಯೂ ಹಂಗಾಮಿನದೇ ಎಂಬುದು ತಿಳಿದಿದೆ.

ಅಂಗಡಿಯ ಗಲ್ಲಾಕ್ಕೆ ಬರುವ ಹಣ ಎಲ್ಲಿಯದು ಎಂದೂ ಕೇಳಬೇಕು. ದಾಂಡೇಲಿ ಪೇಟೆಯಲ್ಲಿ ಕಾರ್ಖಾನೆಯ ಪಗಾರ, ಹಳಿಯಾಳದಲ್ಲಿ ಕಬ್ಬಿನ ಬಿಲ್ಲು, ಈಗ ಶನಿವಾರ ಭಾನುವಾರ ಬರುವ ಪ್ರವಾಸಿಗಳು. ಕಾರ್ಖಾನೆ ಸೊರಗಿದರೆ ಅಂಗಡಿಯೂ ಸೊರಗುತ್ತದೆ. ಆದ್ದರಿಂದ 'ಕಾರ್ಖಾನೆ ಹೋದರೆ ಹೋಗಲಿ, ಟೂರಿಸಂ ಇದೆಯಲ್ಲ' ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ.

ಹಾಗೆಂದು ಕಂಪನಿ ಎಂದ ಕೂಡಲೇ ಕಾಯಂ ಎಂದು ಭಾವಿಸುವ ಕಾಲವೂ ಮುಗಿದಿದೆ. ದೇಶದ ಕಾರ್ಖಾನೆಗಳಲ್ಲಿ ಹತ್ತು ಕಾರ್ಮಿಕರಲ್ಲಿ ಸುಮಾರು ನಾಲ್ವರು ಗುತ್ತಿಗೆಯವರೆಂದು ಕೇಂದ್ರ ಸರಕಾರದ ಕೈಗಾರಿಕಾ ಸಮೀಕ್ಷೆಯೇ ತೋರಿಸುತ್ತದೆ. ಅಪ್ಪ ಕಂಡ ಕಂಪನಿ ಬೇರೆ, ಮಗ ಇಂದು ಗುತ್ತಿಗೆದಾರನ ಕೈಕೆಳಗೆ ಸೇರುವ ಕಂಪನಿ ಬೇರೆ.

ಹೀಗಾಗಿ ಹೋಲಿಕೆ ಮಾಡಬೇಕಾದದ್ದು ಕೆಲಸದ ಹೆಸರನ್ನಲ್ಲ, ಆ ಕೆಲಸಕ್ಕೆ ಇರುವ ಕಾಗದಪತ್ರವನ್ನು. ಒಂದು ಲೆಕ್ಕ ನೋಡೋಣ. ಕಾರ್ಖಾನೆಯ ಒಬ್ಬ ಹುಡುಗನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಶೇ. 12, ಅಂದರೆ 1,800 ಮತ್ತು ಇಎಸ್‌ಐಗೆ ಶೇ. 0.75, ಅಂದರೆ 113 ಕಡಿತವಾಗಿ ಕೈಗೆ 13,087 ಬರುತ್ತದೆ. ಅಂಗಡಿಯಲ್ಲಿ ಅವನ ಗೆಳೆಯನಿಗೆ ರೊಕ್ಕದಲ್ಲಿ 14,000 ಸಿಗುತ್ತದೆ. ಅಂಗಡಿಯೇ ವಾಸಿ ಎಂದು ಮನೆಯವರಿಗೆ ತೋರುತ್ತದೆ. ಆದರೆ ಮೊದಲನೆಯವನ ಹೆಸರಿಗೆ ಮಾಲಕರು ಇನ್ನೂ 1,800 ಭವಿಷ್ಯ ನಿಧಿ ಮತ್ತು ಪಿಂಚಣಿಗೆ, ಶೇ. 3.25ರಂತೆ ಸುಮಾರು 488 ಇಎಸ್‌ಐಗೆ ಕಟ್ಟುತ್ತಾರೆ. ತಿಂಗಳಿಗೆ ಒಟ್ಟು 3,600 ರೂಪಾಯಿ ಅವನ ಮುಂದಿನ ದಿನಗಳಿಗೆ ಸೇರುತ್ತದೆ. ಮನೆಯಲ್ಲಿ ಯಾರಿಗಾದರೂ ಆಪರೇಶನ್ ಎಂದಾಗ ಅವನಿಗೆ ಇಎಸ್‌ಐ ಇದೆ. ಗೆಳೆಯ ಸಾಲ ಮಾಡಬೇಕು.

ಹೆಣ್ಣುಮಕ್ಕಳಿಗೆ ಈ ಅಂತರ ಇನ್ನೂ ದೊಡ್ಡದು. ಇಎಸ್‌ಐ ಇದ್ದರೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಿಗುತ್ತದೆ. ಇಲ್ಲದಿದ್ದರೆ ಹೆರಿಗೆ ಎಂದರೆ ಕೆಲಸ ಬಿಟ್ಟಂತೆಯೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಿಂದ ಹಳ್ಳಿಯ ಹುಡುಗಿಯರಿಗೆ ಹಳಿಯಾಳ, ಧಾರವಾಡ, ಹುಬ್ಬಳ್ಳಿಯ ಅಂಗಡಿಗಳು ಹತ್ತಿರವಾದವು. ಸಿದ್ದಿ, ಕುಣಬಿ ಮನೆಗಳಿಗೂ ಇದು ಸಣ್ಣ ಲಾಭವಲ್ಲ. ಆದರೆ ಬಟ್ಟೆ ಅಂಗಡಿ ಮುಚ್ಚುವುದು ರಾತ್ರಿ. ಅಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. 1961ರ ಕರ್ನಾಟಕ ಅಂಗಡಿ ಕಾಯಿದೆಯಲ್ಲಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ವಾರಕ್ಕೊಂದು ರಜೆ ಎಂದಿದೆ. ದಿನವಿಡೀ ನಿಂತೇ ಇರುವ ಸೇಲ್ಸ್ ಹುಡುಗಿಗೆ ಇದನ್ನು ಯಾರು ಹೇಳಿದ್ದಾರೆ?

ಕಾನೂನಿನಲ್ಲೂ ತೂತುಗಳಿವೆ. ಇಎಸ್‌ಐ ಅನ್ವಯಿಸಲು ಹತ್ತು ಜನ ಕೆಲಸಗಾರರು, ಭವಿಷ್ಯ ನಿಧಿಗೆ ಇಪ್ಪತ್ತು ಜನ ಬೇಕು. ಮೂರು ನಾಲ್ಕು ಜನರಿರುವ ಸಣ್ಣ ಅಂಗಡಿಗೆ ಎರಡೂ ಕಡ್ಡಾಯವಲ್ಲ. ಆದರೆ ಕನಿಷ್ಠ ವೇತನ ಅಲ್ಲಿಗೂ ಅನ್ವಯಿಸುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ. ಈ ಸಂಹಿತೆಗಳಿಂದ ಕಾರ್ಮಿಕ ಸಂಘಗಳ ಬಲ ಕುಗ್ಗುತ್ತದೆಂಬ ಆಕ್ಷೇಪವೂ ಇದೆ, ಅದು ನಿರಾಧಾರವೇನಲ್ಲ. ಆದರೆ ಬರೆದುಕೊಟ್ಟ ಪತ್ರ ಕೈಯಲ್ಲಿದ್ದರೆ ಬಡವನಿಗೆ ವಾದಿಸಲು ಒಂದು ಆಧಾರವಾದರೂ ಸಿಗುತ್ತದೆ.

ಧರ್ಮಸಭೆಗೆ ಇದು ಹೊರಗಿನ ವಿಷಯವಲ್ಲ. ಪೋಪ್ ಹದಿಮೂರನೇ ಲಿಯೋ 1891ರಲ್ಲಿ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ಪರ ನಿಂತರು. 2025ರಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದೂ ಅದನ್ನು ನೆನೆದೇ.

ನಮ್ಮ ಧರ್ಮಕೇಂದ್ರಗಳಲ್ಲಿ ಆಗಬಹುದಾದ ಕೆಲಸ ಸಣ್ಣದು, ಖರ್ಚಿಲ್ಲದ್ದು. ಭಾನುವಾರ ಪೂಜೆಯ ನಂತರ ಯುವಜನ ಸಂಘಟನೆಯ ಇಬ್ಬರು ಮೊಬೈಲ್ ಹಿಡಿದು ಕುಳಿತರೆ, ಕಡಿತವಾದ ಭವಿಷ್ಯ ನಿಧಿ ನಿಜಕ್ಕೂ ಖಾತೆಗೆ ಜಮೆಯಾಗಿದೆಯೇ ಎಂದು ಗುತ್ತಿಗೆ ಕಾರ್ಮಿಕರಿಗೆ ತೋರಿಸಬಹುದು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ನಂಬರು ಮಾಡಿಸಿಕೊಂಡರೆ ಆ ಲೆಕ್ಕ ಕೂಡುವುದಿಲ್ಲ. ಸಣ್ಣ ಅಂಗಡಿಯವರಿಗೆ ಇ-ಶ್ರಮ್ ಕಾರ್ಡು, ಅಟಲ್ ಪಿಂಚಣಿ ಮಾಡಿಸಬಹುದು.

ಅಂಗಡಿ, ಬೇಕರಿ, ಹೋಂ ಸ್ಟೇ ನಡೆಸುವವರು ನಮ್ಮ ವಿಶ್ವಾಸಿಗಳಲ್ಲೂ ಇದ್ದಾರೆ. ನಮ್ಮ ಶಾಲೆ, ಹಾಸ್ಟೆಲು, ದವಾಖಾನೆಗಳಲ್ಲೂ ಆಯಾ, ಅಡುಗೆಯವರು, ಕಾವಲುಗಾರರು ದುಡಿಯುತ್ತಾರೆ. ನೇಮಕಾತಿ ಪತ್ರ ಎಷ್ಟು ಜನರ ಕೈಯಲ್ಲಿದೆ ಎಂಬ ಎಣಿಕೆಯನ್ನು ಅಲ್ಲಿಂದಲೇ ಶುರುಮಾಡಬಹುದು.