ಕೂಗಳತೆ ನಾಲ್ಕು ಕಿಲೋಮೀಟರ್

ನಮ್ಮ ಮಲೆನಾಡಿನಲ್ಲಿ ದೂರ ಹೇಳುವುದಕ್ಕೆ ಒಂದು ಅಳತೆ ಇತ್ತು. "ಅವರ ಮನೆ ಎಷ್ಟು ದೂರ?" ಎಂದು ಕೇಳಿದರೆ "ಇಲ್ಲೇ, ಒಂದು ಕೂಗಳತೆ" ಎನ್ನುತ್ತಿದ್ದರು. ಈ ಗುಡ್ಡದಲ್ಲಿ ನಿಂತು "ಕೂ..." ಎಂದರೆ ಆ ಗುಡ್ಡದಿಂದ "ಓ..." ಎಂದು ಉತ್ತರ ಬರಬೇಕು. ಬಾರದಿದ್ದರೆ ಚಪ್ಪಲಿ ಮೆಟ್ಟಿ ನಡೆಯಬೇಕು. ಅಜ್ಜಂದಿರಿಗೆ ಇದು ಗೊತ್ತು. ಮಕ್ಕಳೇ, ನಿಮಗೆ ಗೊತ್ತಿಲ್ಲದಿದ್ದರೆ ಇವತ್ತು ಊಟಕ್ಕೆ ಕೂತಾಗ ಅವರನ್ನು ಕೇಳಿ. ಈ ವಾರ ನಾನು ಹೇಳಹೊರಟದ್ದು ನಾಲ್ಕು ಕಿಲೋಮೀಟರ್ ಕೂಗಳತೆಯ ಕಥೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ಹೇಗೆ ಬೇಸ್ತು ಬಿದ್ದ ಎಂಬುದೂ ಅದರಲ್ಲೇ ಬರುತ್ತದೆ.

ನನ್ನ ಅಕ್ಕನ ಮನೆ ತೀರ್ಥಹಳ್ಳಿ ಕಡೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ತಲೆಯಲ್ಲಿದೆ. ಮೊಬೈಲಿಗೆ ಅಲ್ಲಿ ಒಂದು ಕಡ್ಡಿಯೂ ಬರುವುದಿಲ್ಲ. ಕೊರೋನಾ ಬಂದ ವರ್ಷ ಶಾಲೆ ಮುಚ್ಚಿದಾಗ ಅಕ್ಕನ ಮೊಮ್ಮಗಳು ಪಾಠ ಕೇಳುವುದಕ್ಕೆ ದಿನಾ ಗುಡ್ಡ ಹತ್ತುತ್ತಿದ್ದಳು. ಮಳೆಗಾಲದಲ್ಲಿ ಅವಳ ಅಪ್ಪ ಛತ್ರಿ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಅವಳು ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದು ಕೈಯಲ್ಲಿ ಕಾಲಿನ ಉಂಬಳ ಕೀಳುತ್ತಿದ್ದಳು. ಮುಂದಿನ ವರ್ಷ, 2021ರಲ್ಲಿ, ಅವಳು ಹತ್ತನೇ ಕ್ಲಾಸಿಗೆ ಬರುವವಳಿದ್ದಳು.

ಆ ಮಾರ್ಚ್‌ನಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನಿಂದ ಎರಡು ಡಬ್ಬಿ ತಂದ. ಒಂದೊಂದರಲ್ಲೂ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಒಂದು ಡಿಶ್ಶು. "ದೊಡ್ಡಪ್ಪ, ಒಂದನ್ನು ಇಂಟರ್ನೆಟ್ ಇರುವ ಕಡೆ ಕಟ್ಟೋಣ, ಇನ್ನೊಂದನ್ನು ಅತ್ತೆ ಮನೆ ಮೇಲೆ. ಎರಡೂ ಮುಖಾಮುಖಿ ಮಾತಾಡಿಕೊಳ್ಳುತ್ತವೆ" ಎಂದ. ಡಬ್ಬಿಯ ಮೇಲೆ 15 ಕಿಲೋಮೀಟರ್ ಎಂದು ಬರೆದಿತ್ತು. ಎದುರು ಗುಡ್ಡದ ಮೇಲಿನ ಊರಿನಲ್ಲಿ ನನ್ನ ಹಳೆಯ ಶಿಷ್ಯನ ಅಂಗಡಿ ಇದೆ. ಅಲ್ಲಿಯವರೆಗೆ ಫೈಬರ್ ತಂತಿ ಬಂದಿದೆ. ರಸ್ತೆಯಲ್ಲಿ ಹೋದರೆ 11 ಕಿಲೋಮೀಟರ್, ಹಕ್ಕಿ ಹಾರಿದರೆ ನಾಲ್ಕು. ಶಿಷ್ಯ ತನ್ನ ಇಂಟರ್ನೆಟ್ ಕಂಪನಿಯವರ ಒಪ್ಪಿಗೆ ಕೇಳಿ, "ಕಟ್ಟಿ ಸಾರ್, ನಮ್ಮ ತಾರಸಿ ಇರೋದೇ ಅದಕ್ಕೆ" ಎಂದ.

ಈ ಡಿಶ್ಶು ಗಾಳಿಯಲ್ಲಿ ಬಿಡುವ ಶಕ್ತಿ ಹೆಚ್ಚೆಂದರೆ ವ್ಯಾಟಿನ ಹತ್ತನೇ ಒಂದು ಪಾಲು. ನಿಮ್ಮ ಮನೆಯ ಎಲ್ಇಡಿ ಬಲ್ಬೇ ಇದರ ಮುಂದೆ ಭೀಮ. ಅಷ್ಟು ಸಣ್ಣ ಸದ್ದು ನಾಲ್ಕು ಕಿಲೋಮೀಟರ್ ಹೋಗುವುದು ಹೇಗೆ? ನೀವು ಕೂ ಹಾಕುವಾಗ ಬಾಯಿಯ ಸುತ್ತ ಎರಡೂ ಕೈ ಕಟ್ಟುತ್ತೀರಲ್ಲ, ಹಾಗೆ. ಡಿಶ್ಶು ಸದ್ದನ್ನು ಎಲ್ಲ ಕಡೆ ಚೆಲ್ಲದೆ ಒಂದೇ ಕಡೆಗೆ ಒಟ್ಟುಗೂಡಿಸುತ್ತದೆ. ತೋಳು ನೀಡಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಎಷ್ಟು ಜಾಗ ಮುಚ್ಚುತ್ತದೋ ಹೆಚ್ಚುಕಮ್ಮಿ ಅಷ್ಟೇ ಅಗಲಕ್ಕೆ ಅದು ಕೂಗುವುದು. ಎದುರಿನ ಡಿಶ್ಶು ಆ ಮುಷ್ಟಿಯೊಳಗೆ ಇರಬೇಕು. ಅದಕ್ಕಾಗಿ ನಾವು ಕತ್ತಲಾದ ಮೇಲೆ ಎರಡೂ ಕಡೆಯಿಂದ ದೊಡ್ಡ ಟಾರ್ಚು ಬಿಟ್ಟು, ಬೆಳಕು ಕಂಡ ಕಡೆಗೆ ಡಿಶ್ಶಿನ ಮುಖ ತಿರುಗಿಸಿದೆವು.

ಲ್ಯಾಪ್‌ಟಾಪಿನಲ್ಲಿ ಒಂದು ಸಂಖ್ಯೆ ಕಾಣಿಸಿತು: ಮೈನಸ್ 61. ಎದುರಿನ ಸದ್ದು ಎಷ್ಟು ಕೇಳುತ್ತಿದೆ ಎಂಬುದರ ಅಳತೆ ಅದು. ಮೈನಸ್ಸಿನ ಪಕ್ಕದ ಸಂಖ್ಯೆ ಬೆಳೆದಷ್ಟೂ ಸದ್ದು ಸಣ್ಣದು. ಹತ್ತು ಹೆಚ್ಚಿದರೆ ಸದ್ದು ಹತ್ತರಲ್ಲೊಂದು ಪಾಲಾಯಿತು ಎಂದು ಲೆಕ್ಕ. ತಮ್ಮನ ಮಗ ಮೊದಲೇ ಕಾಗದದ ಮೇಲೆ ಲೆಕ್ಕ ಮಾಡಿ 55ರ ಆಸುಪಾಸು ಬರಬೇಕು ಎಂದಿದ್ದ. "ಆರು ಎಲ್ಲೋ ಸೋರಿದೆ ದೊಡ್ಡಪ್ಪ" ಎಂದು ತಲೆ ಕೆರೆದುಕೊಂಡ. ನಾನು, "ಬಿಡೋ, ಕೆಲಸ ಆಗ್ತಾ ಇದೆಯಲ್ಲ" ಎಂದೆ. ಹುಡುಗಿ ಜಗಲಿಯಲ್ಲಿ ಕೂತು ಗಣಿತದ ಒಂದು ವಿಡಿಯೋ ಪೂರ್ತಿ ನೋಡಿದಳು. ಅಕ್ಕ ಹೋಳಿಗೆ ಮಾಡಿದಳು. "ಇನ್ನು ನೀನು ಗುಡ್ಡ ಹತ್ತೋದು ಬೇಡ ಪುಟ್ಟಿ" ಎಂದು ನಾನು ಮಾತು ಕೊಟ್ಟುಬಿಟ್ಟೆ.

ಆ ಆರನ್ನು ಅವತ್ತೇ ಹುಡುಕಬೇಕಿತ್ತು.

ಜೂನ್ ಕೊನೆಯ ವಾರ ಫೋನು ಬಂತು. "ಸಣ್ಣಜ್ಜ, ಮತ್ತೆ ಗುಡ್ಡದ ಮೇಲಿಂದ ಮಾತಾಡ್ತಿದೀನಿ." ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಆನ್‌ಲೈನ್ ಪಾಠ ಶುರುವಾಗುವುದಕ್ಕೆ ಕೆಲವೇ ದಿನ ಉಳಿದಿತ್ತು. ನಾನು ಹೋಗಿ ನೋಡಿದರೆ ಮಳೆ ಬಿಟ್ಟ ಹೊತ್ತಿನಲ್ಲೂ 81. ಮಾರ್ಚ್‌ನ ಸದ್ದಿನ ನೂರರಲ್ಲೊಂದು ಪಾಲು. ಮಳೆ ಹಿಡಿದರೆ ಅದೂ ಇಲ್ಲ.

ಮಳೆಯೇ ಕಾರಣ ಎಂದು ಎಲ್ಲರೂ ಹೇಳಿದರು. ಜೋರು ಮಳೆಯಲ್ಲಿ ಡಿಟಿಎಚ್ ಟೀವಿ ಹೋಗಿಬಿಡುತ್ತದಲ್ಲ, ಅದರ ಹಾಗೆ ಎಂದು. ಆದರೆ ಟೀವಿಯ ಡಿಶ್ಶಿಗೆ ಬರುವ ಅಲೆ ಸೆಕೆಂಡಿಗೆ ಸಾವಿರ ಕೋಟಿಗೂ ಹೆಚ್ಚು ಸಲ ಕಂಪಿಸುವಂಥದ್ದು. ಅದನ್ನು ಮಳೆಹನಿ ನುಂಗುತ್ತದೆ. ನಮ್ಮದು ಅದರ ಅರ್ಧದಷ್ಟು, 580 ಕೋಟಿ ಸಲ. ನಾಲ್ಕು ಕಿಲೋಮೀಟರಿಗೆ ಮಳೆ ಕದಿಯುವುದು ತೀರಾ ಸ್ವಲ್ಪ. ಕಳ್ಳ ಬೇರೆಲ್ಲೋ ಇದ್ದ.

ಅವನು ತೋಟದ ಅಂಚಿನಲ್ಲೇ ನಿಂತಿದ್ದ: ಮನೆಯಿಂದ 200 ಮೀಟರ್ ದೂರದ ಬೂರುಗದ ಮರ. ಫೆಬ್ರವರಿ, ಮಾರ್ಚ್‌ನಲ್ಲಿ ಬೂರುಗಕ್ಕೆ ಎಲೆಯೇ ಇರುವುದಿಲ್ಲ, ಬರೀ ಕೆಂಪು ಹೂವು. ನಾವು ಟಾರ್ಚು ಬಿಟ್ಟದ್ದು ಬೋಳು ರೆಂಬೆಗಳ ಸಂದಿಯಿಂದ. ಸೋರಿದ ಆರು ಅಲ್ಲಿ ಹೋಗಿತ್ತು. ಈಗ ಮರ ತುಂಬ ಎಲೆ, ಎಲೆ ತುಂಬ ನೀರು. ಒದ್ದೆ ಸೊಪ್ಪಿನ ಗೋಡೆಯ ಹಿಂದೆ ನಿಂತು ನಮ್ಮ ಡಿಶ್ಶು ಕೂ ಹಾಕುತ್ತಿತ್ತು.

ಇನ್ನೊಂದು ಮಾತು. ಟಾರ್ಚಿನ ಬೆಳಕು ಕಂಡ ಮಾತ್ರಕ್ಕೆ ದಾರಿ ತೆರವಾಗಿದೆ ಎಂದಲ್ಲ. ರೇಡಿಯೋ ಅಲೆಗೆ ದಾರದಷ್ಟು ದಾರಿ ಸಾಲದು, ಮೃದಂಗದ ಆಕಾರದ ಜಾಗ ಬೇಕು. ತುದಿಗಳಲ್ಲಿ ಸಣ್ಣ, ನಡುವೆ ದಪ್ಪ. ಇದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. ಬೆಳಕಿನ ಅಲೆಗಳ ಲೆಕ್ಕ ಹಾಕಿದ, ದೀಪಸ್ತಂಭಗಳಿಗೆ ಹೊಸ ಬಗೆಯ ಮಸೂರ ಮಾಡಿದ ಫ್ರಾನ್ಸಿನ ಫ್ರೆನೆಲ್ ಅವರ ನೆನಪಿಗೆ. ನಮ್ಮ ನಾಲ್ಕು ಕಿಲೋಮೀಟರಿನ ಮೃದಂಗಕ್ಕೆ ನಟ್ಟನಡುವೆ ದಾರಿಯ ಸುತ್ತ 7 ಮೀಟರ್ ಬಯಲು ಬೇಕು. ಅಲ್ಲಿ ಕಣಿವೆ ಇರುವುದರಿಂದ ತೊಂದರೆಯಿಲ್ಲ. ಬೂರುಗ ಇರುವಲ್ಲಿ 3 ಮೀಟರ್ ಸಾಕು. ಆದರೆ ಅಲ್ಲಿ ಮೂರು ಅಂಗುಲವೂ ಇರಲಿಲ್ಲ.

ರೆಂಬೆ ಕಡಿಸೋಣವೆಂದು ಕೊನೆಗಾರನನ್ನು ಕರೆದರೆ ಅವನು ಕತ್ತೆತ್ತಿ ನೋಡಿ, "ಅಡಿಕೆ ಮರ ಎಷ್ಟಾದ್ರೂ ಹತ್ತೇನು ಮಾರಾಯ್ರೇ, ಈ ಮುಳ್ಳಿನ ಮರ ನನ್ನಿಂದಾಗ. ಬುಡಕ್ಕೇ ಕೊಡಲಿ ಹಾಕೋದಾದ್ರೆ ಹೇಳಿ" ಎಂದ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅದು ಭಾವ ಬದುಕಿದ್ದಾಗ ಉಳಿಸಿಕೊಂಡ ಮರ. ಮನೆಯ ಎಲ್ಲ ದಿಂಬಿಗೂ ಅದರದೇ ಅರಳೆ. "ಕಡೀಲಿ ಬಿಡು ತಮ್ಮಾ, ಮಗು ಓದು ದೊಡ್ಡದು" ಎಂದು ಒಳಗೆ ಹೋದಳು. ನನಗೆ ಅವತ್ತು ಕಾಫಿ ರುಚಿಸಲಿಲ್ಲ. ಎಲೆ ಉದುರಿದ ಕಾಲದಲ್ಲಿ ಪರೀಕ್ಷೆ ಮಾಡಿ ಪಾಸಾಯಿತು ಎಂದವನು ನಾನು. ಶಿಕ್ಷೆ ಮರಕ್ಕೆ.

ದಾರಿ ತೋರಿಸಿದ್ದು ಹುಡುಗಿಯೇ. ಅವಳು ಹತ್ತನೆಯ ಗಣಿತದಲ್ಲಿ ಸಮರೂಪ ತ್ರಿಭುಜದ ಪಾಠ ಓದಿಕೊಂಡಿದ್ದಳು. ನೋಟ್‌ಬುಕ್ಕಿನಲ್ಲಿ ಅಂಗಡಿ, ಮರ, ಮನೆ ಗುರುತು ಹಾಕಿ, "ಸಣ್ಣಜ್ಜ, ಡಿಶ್ಶನ್ನು ಮನೆ ಮೇಲೇ ಯಾಕೆ ಇಟ್ರಿ?" ಎಂದು ಕೇಳಿದಳು. ಪ್ಲಗ್ಗು ಅಲ್ಲಿತ್ತು ಎಂಬುದನ್ನು ಬಿಟ್ಟರೆ ನನ್ನಲ್ಲಿ ಉತ್ತರವಿರಲಿಲ್ಲ. "ಕೊಟ್ಟಿಗೆ ಹತ್ರ ಇಟ್ರೆ 25 ಮೀಟರ್ ಪಕ್ಕಕ್ಕೆ ಹೋಗುತ್ತೆ. ಆಗ ಮರದ ಹತ್ರ ಗೆರೆ 25ಕ್ಕೆ 3800 ಬೈ 4000, ಅಂದ್ರೆ 23 ಮುಕ್ಕಾಲು ಮೀಟರ್ ಸರಿಯುತ್ತೆ." ಮರದ ರೆಂಬೆಗಳು ಬುಡದಿಂದ ಹತ್ತು ಮೀಟರ್ ಚಾಚಿದ್ದವು. ಮೃದಂಗಕ್ಕೆ ಮೂರು. ಒಟ್ಟು ಹದಿಮೂರು. ಇನ್ನೂ ಹತ್ತು ಮೀಟರ್ ಮಿಗುತ್ತದೆ! ಕೊಟ್ಟಿಗೆಯ ಮೂಲೆಗೆ 12 ಅಡಿಯ ಕಬ್ಬಿಣದ ಪೈಪು ನಿಲ್ಲಿಸಿ ಡಿಶ್ಶು ಕಟ್ಟಿದೆವು. ಸಂಖ್ಯೆ 56ಕ್ಕೆ ಬಂತು. ಕೊನೆಗಾರ ಕೊಡಲಿ ಹೆಗಲಿಗೇರಿಸಿ, ಕೂಲಿ ಬೇಡವೆಂದು, ಕಾಫಿ ಕುಡಿದು ಹೋದ.

ಈ ಸಲ ನಾನು ಮಾತು ಕೊಡಲಿಲ್ಲ. ಮೂರು ಹಗಲು ಮೂರು ರಾತ್ರಿ ಪರೀಕ್ಷೆ ಮಾಡಿದೆವು. ಗಂಟೆಗೊಮ್ಮೆ ಈ ಕಡೆಯಿಂದ ನೂರು ಸಲ ಕೂ, ಆ ಕಡೆಯಿಂದ ಎಷ್ಟು ಓ ಬಂತು ಎಂಬ ಲೆಕ್ಕ. ಹಗಲು ಹುಡುಗಿಯ ಪಾಳಿ, ರಾತ್ರಿ ನನ್ನದು. ಮುದುಕರಿಗೆ ಹೇಗೂ ನಿದ್ದೆ ಕಡಿಮೆ. ಎರಡನೆಯ ರಾತ್ರಿ ಹೆಂಚು ಹಾರುವಂಥ ಗಾಳಿಮಳೆ. ಸಂಖ್ಯೆ 57, ನೂರಕ್ಕೆ ನೂರು ಓ. ಬೆಳಗಿನ ಜಾವ ಮಾತ್ರ ಒಮ್ಮೆಲೇ ಸೊನ್ನೆ. ನೋಡಿದರೆ ತಂತಿ ಸೇರುವಲ್ಲಿ ನೀರು ಇಳಿದಿತ್ತು. ತಂತಿಯನ್ನು ಕೆಳಗೆ ಬಳುಕಿಸಿ ಆಮೇಲೆ ಮೇಲಕ್ಕೆ ಒಯ್ದರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅದನ್ನೂ ಮಾಡಿದೆವು.

ಕೂ ಹಾಕಿ ಓ ಕಾಯುವ ಈ ಆಟವನ್ನು ಎಲ್ಲಿಯವರೆಗೆ ಆಡಬಹುದು ಎಂದು ಕೇಳುತ್ತೀರಾ? ವೆನೆಜುವೆಲಾದಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಎಂಬ ಪ್ರಾಧ್ಯಾಪಕರ ತಂಡ 2007ರಲ್ಲಿ ಎರಡು ಬೆಟ್ಟಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಹಾಯಿಸಿತು. ನಮ್ಮ ಬೆಂಗಳೂರಿನಿಂದ ಮಂಗಳೂರಿಗೂ ಅಷ್ಟು ದೂರವಿಲ್ಲ. ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೂ ಅಷ್ಟು ದೂರದಿಂದ ಓ ಬರುವಷ್ಟರಲ್ಲಿ ಮಾಮೂಲಿ ವೈ-ಫೈ ತಾಳ್ಮೆಗೆಟ್ಟು ಮತ್ತೆ ಕೂಗಿಬಿಡುತ್ತದೆ. ಅದಕ್ಕೆ ಕಾಯುವ ರೀತಿಯನ್ನೇ ಬದಲಿಸಬೇಕಾಯಿತು.

ನನಗೆ ಇದಕ್ಕಿಂತ ಇಷ್ಟವಾದದ್ದು ನೇಪಾಳದ ಮಹಾಬೀರ್ ಪುನ್ ಅವರ ಕೆಲಸ. ನಾಂಗಿ ಎಂಬ ಬೆಟ್ಟದ ಹಳ್ಳಿಯ ಶಾಲೆಗೆ ಇಂಟರ್ನೆಟ್ ತರಲು ಹೊರಟವರು ಅವರು. ಮೊದಮೊದಲು ಟೀವಿ ಡಿಶ್ಶುಗಳನ್ನು ಮರಗಳಿಗೇ ಕಟ್ಟಿ ಪಕ್ಕದ ಹಳ್ಳಿಗೆ ಹಾಯಿಸಿ ನೋಡಿದರು. 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಮರವೇ ಕಂಬ, ಇಲ್ಲಿ ನಾನು ಮರಕ್ಕೆ ಕೊಡಲಿ ತರಿಸಿದ್ದೆ.

ಹುಡುಗಿ ಆ ವರ್ಷ ಗುಡ್ಡ ಹತ್ತಲಿಲ್ಲ. ಸುಳ್ಳು ಹೇಳಬಾರದು, ಎರಡು ಸಲ ಹತ್ತಿದಳು. ಮೂರು ದಿನ ಕರೆಂಟು ಹೋದಾಗ ಒಮ್ಮೆ, ಸಿಡಿಲಿಗೆ ಹೆದರಿ ಅಕ್ಕ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟಾಗ ಒಮ್ಮೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಕೀಳುವುದು ಸರಿಯೇ, ಅದಕ್ಕೆ ನಾನು ಏನೂ ಅನ್ನಲಿಲ್ಲ.

ಈಗ ಅವಳು ಕಾಲೇಜಿಗೆಂದು ಶಿವಮೊಗ್ಗದಲ್ಲಿದ್ದಾಳೆ. ಆ ನೋಟ್‌ಬುಕ್ಕು ಅಕ್ಕನ ಕೈಗೆ ಬಂದಿದೆ. ಭಾನುವಾರ ವಿಡಿಯೋದಲ್ಲಿ ಸಿಕ್ಕಾಗ ನಾನು ಆರೋಗ್ಯ ವಿಚಾರಿಸಿದರೆ ಕನ್ನಡಕ ಏರಿಸಿ ಓದುತ್ತಾಳೆ: "ಬೀಪಿ 140, ಡಿಶ್ಶು 57 ಕಣೋ."